ಏಳನೇ ದಿನದ ಫೋಟೋ ಎಲ್ಲಿ ಸ್ವಾಮಿ?

ಈ ಬರಹ ಒಂದು ವರ್ಷದಿಂದ ಡ್ರಾಫ್ಟಿನಲ್ಲಿ ಕೊಳೀತಾ ಬಿದ್ದಿತ್ತು. ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮೂರಿನ ವಾಟ್ಸಾಪ್ ಗ್ರೂಪಿನಲ್ಲಿ ಮತ್ತದೇ ಜಾತಿಯ ಫಾರ್ವರ್ಡ್ ಬಂತು ನೋಡಿ, ಇನ್ನು ಸುಮ್ಮನಿರೋಕೆ ಆಗಲಿಲ್ಲ. "ತೆಂಗಿನಿಂದ ನ್ಯಾನೊ ಕಣ! ಇನ್ನು ಕ್ಯಾನ್ಸರ್ ಕೋಶಗಳು ಹೊಳೆಯಲಿವೆ! ಬೆಳೆಗಾರರಿಗೆ ಸುವರ್ಣಾವಕಾಶ!" ಅಂತ ಮೂರು ಸಾಲು, ಮೂರು ಆಶ್ಚರ್ಯಸೂಚಕ. ಕೆಳಗೆ ಕತ್ತಲೆ ಕೋಣೆಯಲ್ಲಿ ನೀಲಿಯಾಗಿ ಹೊಳೆಯುವ ಒಂದು ಗಾಜಿನ ಸೀಸೆ. ಅರ್ಧ ಗಂಟೆಯಲ್ಲಿ ನಲವತ್ತು ಜನ ಕೈ ಮುಗಿದಿದ್ದರು.

ನಮ್ಮದು ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿ. ಅಮ್ಮನ ತವರು ಚಿಕ್ಕನಾಯಕನಹಳ್ಳಿ ಕಡೆ. ಕೊಬ್ಬರಿ ಹಾಕೋದು ತಿಪಟೂರು ಮಾರುಕಟ್ಟೆಗೆ. ಅಂದರೆ ನನ್ನ ಮೂರೂ ದಿಕ್ಕಿಗೆ ತೆಂಗೇ. ನಾನು ಇಂಜಿನಿಯರಿಂಗ್ ಓದಿದ್ದೂ ಕೊಬ್ಬರಿ ದುಡ್ಡಿನಲ್ಲೇ. ಹಾಗಾಗಿ ತೆಂಗಿನ ಹೆಸರು ಹೇಳಿ ಯಾರಾದರೂ ಬೊಗಳೆ ಬಿಟ್ಟರೆ ನನಗೆ ಸ್ವಲ್ಪ ಜಾಸ್ತಿನೇ ಉರಿಯುತ್ತೆ. ಆದರೆ ಮೊದಲು ನನ್ನದೇ ತಪ್ಪೊಪ್ಪಿಗೆ.

2023ರಲ್ಲಿ ಇಂಥದೇ ಒಂದು ಸುದ್ದಿಯನ್ನು ನಾನೂ ಫಾರ್ವರ್ಡ್ ಮಾಡಿದ್ದೆ. "ನಮ್ಮ ತೆಂಗು, ನಮ್ಮ ಹೆಮ್ಮೆ" ಅಂತ ಮೇಲೊಂದು ಸಾಲು ಬೇರೆ ಸೇರಿಸಿದ್ದೆ. ಆ ವರ್ಷ ನೆನಪಿರಬಹುದು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೆ ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಕೇಳ್ತಿದ್ದರು. ಸಂಜೆ ಪಕ್ಕದ ತೋಟದ ಮಾವ ಫೋನ್ ಮಾಡಿದರು. (ರಕ್ತಸಂಬಂಧ ಏನೂ ಇಲ್ಲ, ಹುಟ್ಟಿದಾಗಿನಿಂದ ಮಾವ ಅಂತಲೇ ಕರೆಯೋದು.)

"ಏನಪ್ಪಾ, ನೀನು ಕಳ್ಸಿದ್ದು ನಮ್ಮ ಹುಡುಗ ಓದಿ ಹೇಳ್ದ. ಹಂಗಾರೆ ರೇಟು ಏರ್ತದಾ? ಅಟ್ಟದಾಗೆ ಇರಾದು ಈಗ್ಲೇ ಕೊಡ್ಲಾ, ಇನ್ನೊಂದ್ ಆರ್ ತಿಂಗ್ಳು ತಡೀಲಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಏನೋ ಹ್ಞೂಂ ಹ್ಞೂಂ ಅಂದು ಫೋನ್ ಇಟ್ಟೆ. ನಾನು ಸುಮ್ಮನೆ ಹೆಮ್ಮೆಗೆ ಒತ್ತಿದ ಒಂದು ಬಟನ್ನಿನ ಮೇಲೆ ಒಬ್ಬರು ವರ್ಷದ ಕೊಬ್ಬರಿ ಮಾರುವ ಲೆಕ್ಕ ಹಾಕ್ತಾ ಇದ್ದಾರೆ ಅಂತ ಗೊತ್ತಾದಾಗ ಹೊಟ್ಟೆಯಲ್ಲಿ ಏನೋ ಒಂಥರಾ ಆಯ್ತು. ಆಮೇಲೆ 2025ರಲ್ಲಿ ಬೆಲೆ ಏರಿತು, ಬೆಂಬಲ ಬೆಲೆ ದಾಟಿ ಎಲ್ಲಿಗೋ ಹೋಯಿತು. ಆದರೆ ಅದಕ್ಕೆ ಕಾರಣ ಕಾಯಿ ಕಮ್ಮಿಯಾದದ್ದು. ನ್ಯಾನೊ ಗೀನೊ ಏನೂ ಅಲ್ಲ.

ಈಗ ವಿಷಯಕ್ಕೆ ಬರ್ತೀನಿ.

ಮಾರನೇ ವರ್ಷ ನನ್ನ ತಂಗಿ (ಚಿಕ್ಕಪ್ಪನ ಮಗಳು, ಎಂ.ಎಸ್ಸಿ. ಓದ್ತಾ ಇದ್ದಳು) ಇದೇ ವಿಷಯದ ಮೇಲೆ ಪ್ರಾಜೆಕ್ಟ್ ತಗೊಂಡಳು. ಯಾವ ಕಾಲೇಜು ಅಂತ ಹೇಳೋದಿಲ್ಲ, ಕೇಳಬೇಡಿ. ಇದು ಒಂದು ಕಾಲೇಜಿನ ಕಥೆ ಅಲ್ಲವೇ ಅಲ್ಲ. ನಮ್ಮ ತೋಟದ್ದೇ ಎಳನೀರು. ಅದನ್ನು ಒಳಗಡೆ ಟೆಫ್ಲಾನ್ ಲೋಟ ಇರುವ ದಪ್ಪ ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ 180 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಯಿಸೋದು. ಪ್ರೆಷರ್ ಕುಕ್ಕರ್ ಇದ್ದ ಹಾಗೆ, ವಿಷಲ್ ಇಲ್ಲ ಅಷ್ಟೇ :) ಎಳನೀರಿನ ಸಕ್ಕರೆ ಸುಟ್ಟು ಕಾಫಿ ಬಣ್ಣದ ನೀರಾಗುತ್ತೆ. ಅದರಲ್ಲಿ ಕೆಲವೇ ನ್ಯಾನೊಮೀಟರ್ ಗಾತ್ರದ ಇಂಗಾಲದ ಕಣಗಳು ಇರ್ತವೆ, ಅವಕ್ಕೆ ಕಾರ್ಬನ್ ಡಾಟ್ ಅಂತ ಹೆಸರು. ನೋಟು ಪರೀಕ್ಷೆ ಮಾಡುವ ನೇರಳಾತೀತ ಟಾರ್ಚ್ ಬಿಟ್ಟರೆ ಆ ಕಾಫಿ ನೀಲಿಯಾಗಿ ಹೊಳೆಯುತ್ತೆ. ಮೊದಲ ಸಲ ನೋಡಿದಾಗ ಮೈ ಜುಮ್ ಅನ್ನುತ್ತೆ, ಸುಳ್ಳು ಹೇಳಲ್ಲ.

ಇದನ್ನು ಯಾಕೆ ಮಾಡ್ತಾರೆ? ಜೀವಕೋಶ ಹೆಚ್ಚುಕಮ್ಮಿ ಪಾರದರ್ಶಕ. ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಯಾವುದು ಏನು ಅಂತ ಕಾಣಲ್ಲ. ನಮಗೆ ಬೇಕಾದ ಭಾಗಕ್ಕೆ ಹೊಳೆಯುವ ಒಂದು ಚೀಟಿ ಅಂಟಿಸಿದರೆ ಆ ಭಾಗ ಮಾತ್ರ ಎದ್ದು ಕಾಣುತ್ತೆ. ಈ ಚೀಟಿಯೇ ಲೇಬಲ್. ಕ್ಯಾನ್ಸರ್ ಗಡ್ಡೆಯ ಅಂಚು ಎಲ್ಲಿಗೆ ಮುಗಿಯುತ್ತೆ, ಔಷಧ ಕೋಶದೊಳಗೆ ಎಲ್ಲಿಗೆ ಹೋಯ್ತು, ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕೋದು ಹೀಗೆ. ಅಂದರೆ ಇದು ಆಟದ ಸಾಮಾನಲ್ಲ. ಚೀಟಿ ಸುಳ್ಳು ಹೇಳಿದರೆ ನೋಡುವವನೂ ಸುಳ್ಳನ್ನೇ ನೋಡ್ತಾನೆ.

ತಂಗಿ ಬೇರೆ ಒಂದು ಲ್ಯಾಬಿನವರನ್ನು ಕಾಡಿ ಬೇಡಿ, ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ತನ್ನ ಕಣಗಳನ್ನು ಹಾಕಿ ಫೋಟೋ ತೆಗೆಸಿದಳು. ನನ್ನ ಪಾಲು ಸಣ್ಣದು. "ಅಣ್ಣಾ, ಇಷ್ಟು ಫೋಟೋ ಒಂದೊಂದಾಗಿ ನೋಡೋಕಾಗಲ್ಲ, ಎಷ್ಟು ಹೊಳೀತು ಅಂತ ಲೆಕ್ಕ ಹಾಕೋ ಪ್ರೋಗ್ರಾಮ್ ಬರೆದುಕೊಡು" ಅಂದಳು. ಒಂದು ರಾತ್ರಿ ಕೂತು ಪೈಥಾನಿನಲ್ಲಿ ಬರೆದುಕೊಟ್ಟೆ. ಫೋಟೋಗಳು ಸೊಗಸಾಗಿ ಬಂದವು. ಗೈಡಿಗೂ ಖುಷಿ.

ಮಿಕ್ಕ ಹುಡುಗರಾಗಿದ್ದರೆ ಅಲ್ಲಿಗೇ ನಿಲ್ಲಿಸ್ತಿದ್ದರು. ಈ ಹುಡುಗಿ ನಮ್ಮ ಅಜ್ಜಿ ತರ, ಅನುಮಾನದ ಪ್ರಾಣಿ. ಮೂರು ಕೆಲಸ ಜಾಸ್ತಿ ಮಾಡಿದಳು.

ಒಂದು. ಕಣ ಹಾಕದೇ ಇರುವ ಖಾಲಿ ಕೋಶಗಳ ಫೋಟೋನೂ ತೆಗೆಸಿದಳು. ಅವೂ ಹೊಳೆದವು! ಕೋಶದೊಳಗೆ ಸಹಜವಾಗಿ ಇರುವ ಎನ್‌ಎಡಿಎಚ್, ಫ್ಲೇವಿನ್‌ನಂಥ ಅಣುಗಳು ನೇರಳಾತೀತ ಮತ್ತು ನೀಲಿ ಬೆಳಕು ಬಿದ್ದರೆ ತಾವೇ ನೀಲಿ ಹಸಿರಾಗಿ ಹೊಳೀತವೆ. ಕಾರ್ಬನ್ ಡಾಟ್ ಬಹುಪಾಲು ಹೊಳೆಯೋದೂ ಅದೇ ಬಣ್ಣದಲ್ಲಿ. ಜಾತ್ರೆಯಲ್ಲಿ ಮಗು ಕಳೆದುಹೋದರೆ "ಕಪ್ಪು ಕೂದಲಿನ ಮಗು" ಅಂತ ಮೈಕಿನಲ್ಲಿ ಕೂಗಿದ ಹಾಗೆ.

ಎರಡು. ಆ ಕಾಫಿ ನೀರನ್ನು ಡಯಾಲಿಸಿಸ್ ಚೀಲದಲ್ಲಿ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟಳು. ಚೀಲದ ತೂತಿನಲ್ಲಿ ಚಿಕ್ಕ ಅಣುಗಳು ಹೊರಗೆ ಹೋಗ್ತವೆ, ದೊಡ್ಡ ಕಣಗಳು ಒಳಗೇ ಉಳೀತವೆ. ಮೂರನೇ ದಿನ ಟಾರ್ಚ್ ಬಿಟ್ಟರೆ ಹೊರಗಿನ ನೀರು ನೀಲಿ, ಚೀಲ ಮಂಕು. ಅಂದರೆ ಅಷ್ಟು ದಿನ ಹೊಳೆದದ್ದರಲ್ಲಿ ಹೆಚ್ಚಿನದು ಕಣದ್ದೇ ಅಲ್ಲ, ಪಕ್ಕದಲ್ಲಿ ತೇಲಾಡ್ತಿದ್ದ ಚಿಕ್ಕಪುಟ್ಟ ಅಣುಗಳದ್ದು.

ಮೂರು. ಚೀಲದಲ್ಲಿ ಉಳಿದ ಕಣಗಳನ್ನು ಮೈಯಲ್ಲಿರುವಷ್ಟೇ ಉಪ್ಪಿನ ದ್ರಾವಣದಲ್ಲಿ ಇಟ್ಟು ಮೊದಲ ದಿನ, ಮೂರನೇ ದಿನ, ಏಳನೇ ದಿನ ಹೊಸ ಹೊಸ ಕೋಶಗಳ ಮೇಲೆ ಹಾಕಿ ನೋಡಿದಳು. ನನ್ನ ಪ್ರೋಗ್ರಾಮಿನ ಪ್ರಕಾರ ಏಳೂ ದಿನ ಹೊಳಪು ಒಂದೇ ತರ! ಅವಳಿಗೆ ಅನುಮಾನ. "ಅಣ್ಣಾ, ಸೀಸೆ ನೋಡಿದರೆ ಕಣ್ಣಿಗೇ ಮಂಕಾಗಿ ಕಾಣುತ್ತೆ, ನಿನ್ನ ಪ್ರೋಗ್ರಾಮಿಗೆ ಯಾಕೆ ಕಾಣಲ್ಲ?"

ಕೋಡ್ ತೆಗೆದು ನೋಡಿದೆ. ತಪ್ಪು ನನ್ನದೇ. ಫೋಟೋ ಚೆನ್ನಾಗಿ ಕಾಣಲಿ ಅಂತ ಒಂದು ಸಾಲು ಹಾಕಿದ್ದೆ: ಪ್ರತಿ ಫೋಟೋದಲ್ಲಿ ಅತಿ ಮಂಕು ಪಿಕ್ಸೆಲ್ ಸೊನ್ನೆ, ಅತಿ ಪ್ರಕಾಶದ ಪಿಕ್ಸೆಲ್ 255, ಮಿಕ್ಕಿದ್ದು ಮಧ್ಯೆ ಹಂಚಿಹೋಗಲಿ ಅಂತ. ಒಂದೊಂದು ಫೋಟೋಗೂ ಬೇರೆ ಬೇರೆ ಅಳತೆ. ಎಷ್ಟೇ ಮಂಕಾದ ಫೋಟೋ ಕೊಟ್ಟರೂ ಎಳೆದಾಡಿ ಹೊಳೆಯೋ ಹಾಗೆ ಮಾಡಿಬಿಡುತ್ತೆ. ಫೋನಿನಲ್ಲಿ ಆಟೋ ಎನ್‌ಹ್ಯಾನ್ಸ್ ಒತ್ತಿದ ಹಾಗೆ. ಆ ಸಾಲು ತೆಗೆದು ಎಲ್ಲಾ ಫೋಟೋಗಳಿಗೂ ಒಂದೇ ಅಳತೆ ಹಾಕಿದಾಗ ಏಳನೇ ದಿನದ ಫೋಟೋಗೂ ಖಾಲಿ ಕೋಶಗಳ ಫೋಟೋಗೂ ಹೆಚ್ಚು ವ್ಯತ್ಯಾಸ ಉಳಿಯಲಿಲ್ಲ.

ಇದನ್ನೆಲ್ಲ ತಗೊಂಡು ಹೋಗಿ ಗೈಡಿಗೆ ತೋರಿಸಿದಳು. ಬಂದ ಉತ್ತರ: "ಇದೆಲ್ಲ ಯಾಕಮ್ಮ ಹಾಕ್ತೀಯ, ಮೊದಲ ದಿನದ ಫೋಟೋ ಸಾಕು."

ಹಾಕಲಿಲ್ಲ. ಒಳ್ಳೆ ಮಾರ್ಕ್ಸ್ ಬಂತು. ಆ ಪುಟ ಅವಳ ಲ್ಯಾಪ್‌ಟಾಪಿನಲ್ಲಿ ಈಗಲೂ ಇದೆ. "ಆ ಪ್ರಾಜೆಕ್ಟಿನಲ್ಲಿ ನಾನು ನಿಜವಾಗಿ ಕಂಡುಹಿಡಿದದ್ದು ಅದೊಂದೇ ಪುಟ ಅಣ್ಣಾ, ಅದನ್ನೇ ತೆಗೆಸಿದರು" ಅಂತ ಒಂದು ಸಲ ಅಂದಳು. ಅವಳ ಒಪ್ಪಿಗೆ ತಗೊಂಡೇ ಇಲ್ಲಿ ಬರೀತಾ ಇದ್ದೀನಿ.

ಇದು ಅವಳೊಬ್ಬಳ ಕಥೆ ಆಗಿದ್ದರೆ ಬರೀತಿರಲಿಲ್ಲ. ಸ್ವಲ್ಪ ಹಿಂದಿನದು ಓದಿಕೊಂಡೆ. ಈ ಹೊಳೆಯುವ ಇಂಗಾಲ ಸಿಕ್ಕಿದ್ದೇ ಆಕಸ್ಮಿಕ. 2004ರಲ್ಲಿ ಅಮೆರಿಕದಲ್ಲಿ ಮಸಿಯಿಂದ ಕಾರ್ಬನ್ ನ್ಯಾನೊಟ್ಯೂಬ್ ಶುದ್ಧ ಮಾಡುವಾಗ ಪಕ್ಕದಲ್ಲಿ ಹೊಳೆಯುವ ತುಣುಕುಗಳು ಕಂಡವು. 2006ರಲ್ಲಿ ಕಾರ್ಬನ್ ಡಾಟ್ ಅಂತ ಹೆಸರಾಯ್ತು. ಆಮೇಲೆ ಶುರುವಾಯ್ತು ನೋಡಿ ಹಣ್ಣಿನಂಗಡಿ! 2012ರಲ್ಲಿ ಕಿತ್ತಳೆ ರಸ, 2013ರಲ್ಲಿ ಬಾಳೆಹಣ್ಣಿನ ರಸ, 2016ರಲ್ಲಿ ನಮ್ಮ ಎಳನೀರು. ಎಳನೀರಿನ ಕೆಲಸ ಮಾಡಿದ್ದು ರೂರ್ಕೆಲಾ ಎನ್‌ಐಟಿಯವರು. ಅವರು ಹೇಳಿದ್ದು ಥಯಮಿನ್, ಅಂದರೆ ಬಿ1 ವಿಟಮಿನ್ ಪತ್ತೆ ಮಾಡುವ ಬಗ್ಗೆ. ಸೀಸೆಯಲ್ಲಿ ನಡೆಯುವ ರಾಸಾಯನಿಕ ಪರೀಕ್ಷೆಗೆ ಅದು ಸರಿಯಾದ ಬಳಕೆ, ನನ್ನ ಜಗಳ ಅದರ ಜೊತೆ ಅಲ್ಲ. ಅಂಥ ಕೆಲಸ ವಾಟ್ಸಾಪಿಗೆ ಬರುವಷ್ಟರಲ್ಲಿ "ಕ್ಯಾನ್ಸರ್ ಪತ್ತೆ" ಆಗಿರುತ್ತಲ್ಲ, ಜಗಳ ಅದರ ಜೊತೆ.

ಎಚ್ಚರಿಕೆ ಯಾರೂ ಕೊಟ್ಟಿಲ್ಲ ಅನ್ನೋ ಹಾಗೂ ಇಲ್ಲ. ಸಿಟ್ರಿಕ್ ಆಮ್ಲದಿಂದ ಮಾಡಿದ ಪ್ರಸಿದ್ಧ ಕಾರ್ಬನ್ ಡಾಟಿನ ಹೊಳಪಿನಲ್ಲಿ ದೊಡ್ಡ ಪಾಲು ಒಂದು ಚಿಕ್ಕ ಅಣುವಿನದು ಅಂತ 2015ರಲ್ಲೇ ತೋರಿಸಿದ್ದಾರೆ. 2018ರಲ್ಲಿ ಅಮೆರಿಕದ ಒಂದು ತಂಡ ಸರಿಯಾಗಿ ಶುದ್ಧಿ ಮಾಡದ ಕಾರ್ಬನ್ ಡಾಟುಗಳಲ್ಲಿ ಕಲ್ಮಶಗಳೇ ಹೊಳೆದು ಹೇಗೆ ದಾರಿ ತಪ್ಪಿಸುತ್ತವೆ ಅಂತ ಒಂದು ಇಡೀ ಪ್ರಬಂಧ ಬರೆದಿದೆ. ನನ್ನ ತಂಗಿ ಡಯಾಲಿಸಿಸ್ ಪಾತ್ರೆಯಲ್ಲಿ ಕಂಡದ್ದು ಇದನ್ನೇ.

ಹೊಳೆಯೋದು ದೊಡ್ಡ ವಿಷಯವೇ ಅಲ್ಲ ಸ್ವಾಮಿ. ಆ ಟಾರ್ಚ್ ತಗೊಂಡು ಮನೆಯಲ್ಲಿ ಒಂದು ಸುತ್ತು ಹಾಕಿ. ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಪಂಚೆ ಹೊಳೆಯುತ್ತೆ. ಅರಿಶಿನ ಹೊಳೆಯುತ್ತೆ. ಟಾನಿಕ್ ವಾಟರ್ ಹೊಳೆಯುತ್ತೆ, ಅದರಲ್ಲಿರುವ ಕ್ವಿನೈನಿನಿಂದ. ನಮ್ಮಪ್ಪನ ಪಂಚೆಯಿಂದ ಕ್ಯಾನ್ಸರ್ ಪತ್ತೆ ಅಂತ ಯಾರೂ ಬರೆಯಲ್ಲ ತಾನೇ? ಲೇಬಲ್ ಅನ್ನಿಸಿಕೊಳ್ಳಬೇಕಾದರೆ ಮೈಯೊಳಗೆ ಹೋಗಿ, ಅಂಟಿಸಿದ ಜಾಗದಲ್ಲಿ, ಅಂಟಿಸಿದ ರೂಪದಲ್ಲಿ, ಕೆಲಸ ಮುಗಿಯೋವರೆಗೆ ನಿಲ್ಲಬೇಕು. ಕಷ್ಟ ಇರೋದು ಈ ನಿಲ್ಲುವುದರಲ್ಲಿ.

ಯಾಕೆ ಕಷ್ಟ ಅಂತ ಹೇಳ್ತೀನಿ. 1857ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ನೀರಿನಲ್ಲಿ ಚಿನ್ನದ ಅತಿ ಸಣ್ಣ ಕಣಗಳನ್ನು ಮಾಡಿದ. ಮಾಣಿಕ್ಯದ ಹಾಗೆ ಕೆಂಪು. ಅವನ ಸೀಸೆಗಳು ಈಗಲೂ ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇವೆ. ನೂರಾ ಅರವತ್ತು ವರ್ಷ ನಿಂತ ಕಣಗಳು! ಆದರೆ ಅಂಥ ನೀರಿಗೆ ಸ್ವಲ್ಪ ಉಪ್ಪು ಹಾಕಿದರೆ ಕಣ ಕಣ ಅಂಟಿಕೊಂಡು ಬಣ್ಣ ನೀಲಿಗೆ ತಿರುಗುತ್ತೆ. ಇದನ್ನು ಫ್ಯಾರಡೆಯೇ ಬರೆದಿಟ್ಟಿದ್ದಾನೆ. ನಮ್ಮ ರಕ್ತ ಅಂದರೇನು? ಉಪ್ಪುನೀರು, ಜೊತೆಗೆ ಕಂಡದ್ದಕ್ಕೆಲ್ಲ ಅಂಟಿಕೊಳ್ಳುವ ಪ್ರೋಟೀನುಗಳು. ಸೀಸೆಯ ಶುದ್ಧ ನೀರಿನಲ್ಲಿ ನೂರು ವರ್ಷ ನಿಂತದ್ದು ರಕ್ತದಲ್ಲಿ ಒಂದು ಗಂಟೆ ನಿಲ್ಲುತ್ತೆ ಅಂತ ಗ್ಯಾರಂಟಿ ಇಲ್ಲ. "ನನ್ನ ಮಷೀನಿನಲ್ಲಿ ಓಡುತ್ತೆ" ಅಂತ ನಾವು ಆಫೀಸಿನಲ್ಲಿ ಹೇಳ್ತೀವಲ್ಲ, ಅದೇ ಇದು. ಅಂಟಿಕೊಂಡು ಉಂಡೆಯಾದ ಕಣಗಳನ್ನು ಲಿವರು, ಗುಲ್ಮ ಹಿಡಿದಿಟ್ಟುಕೊಳ್ತವೆ. ಗಡ್ಡೆ ಕತ್ತಲಲ್ಲಿ, ಲಿವರಿನಲ್ಲಿ ದೀಪಾವಳಿ.

ಕ್ವಾಂಟಮ್ ಡಾಟ್ ಕಥೆ ಇನ್ನೂ ಪಾಠ ಹೇಳುತ್ತೆ. 2023ರ ರಸಾಯನಶಾಸ್ತ್ರದ ನೊಬೆಲ್ ಬಂತಲ್ಲ, ಬಾವೆಂಡಿ, ಬ್ರಸ್, ಎಕಿಮೊವ್ ಅವರಿಗೆ, ಅದೇ. ಸಾಮಾನ್ಯ ಬಣ್ಣಗಳು ಬೆಳಕು ಬಿದ್ದು ಬಿದ್ದು ಬೇಗ ಮಾಸಿಹೋಗ್ತವೆ, ಇವು ತಡೆದುಕೊಳ್ತವೆ. 1998ರ ಸೆಪ್ಟೆಂಬರಿನಲ್ಲಿ 'ಸೈನ್ಸ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು ಇವನ್ನು ಜೀವಕೋಶಗಳ ಲೇಬಲ್ ಆಗಿ ತೋರಿಸಿದವು. ಎಲ್ಲರೂ ಕುಣಿದರು. 2004ರಲ್ಲಿ ಸಂಗೀತಾ ಭಾಟಿಯಾ ಅವರ ತಂಡ ಲಿವರ್ ಕೋಶಗಳ ಮೇಲೆ ಪರೀಕ್ಷೆ ಮಾಡಿ, ಗಾಳಿ ಮತ್ತು ನೇರಳಾತೀತ ಬೆಳಕಿಗೆ ಸಿಕ್ಕಿದ ಕ್ಯಾಡ್ಮಿಯಂ ಸೆಲೆನೈಡ್ ತಿರುಳಿನಿಂದ ಕ್ಯಾಡ್ಮಿಯಂ ಕಳಚಿ ಬಂದು ಕೋಶಗಳು ಸಾಯುತ್ತವೆ ಅಂತ ತೋರಿಸಿತು. ಮೇಲೆ ಜಿಂಕ್ ಸಲ್ಫೈಡಿನ ಚಿಪ್ಪು ಹಾಕಿದರೆ ಅದು ಕಮ್ಮಿಯಾಯ್ತು. ಅಲ್ಲಿಂದ ಮುಂದಿನ ಕೆಲಸವೆಲ್ಲ ಪದರದ ಕೆಲಸ. ತಿರುಳು, ಅದರ ಮೇಲೆ ಚಿಪ್ಪು, ಅದರ ಮೇಲೆ ನೀರಿಗೆ ಒಗ್ಗುವ ಹೊದಿಕೆ, ಅದರ ಮೇಲೆ ಗುರಿ ಹಿಡಿಯುವ ಕೊಕ್ಕೆ. ಮಟ್ಟೆ, ಚಿಪ್ಪು, ಕಾಯಿ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ಹೊದಿಕೆ ದಪ್ಪ ಮಾಡ್ತಾ ಹೋದರೂ ತೊಂದರೆ. 5.5 ನ್ಯಾನೊಮೀಟರಿಗಿಂತ ದೊಡ್ಡದಾದರೆ ಕ್ವಾಂಟಮ್ ಡಾಟುಗಳು ಕಿಡ್ನಿ ಮೂಲಕ ಸರಿಯಾಗಿ ಹೊರಗೆ ಹೋಗಲ್ಲ ಅಂತ 2007ರಲ್ಲಿ ಅಳೆದು ತೋರಿಸಿದರು. ಗಟ್ಟಿಯಾಗಿ ನಿಲ್ಲಬೇಕು, ಆದರೆ ಕೆಲಸ ಮುಗಿದ ಮೇಲೆ ಹೊರಗೂ ಹೋಗಬೇಕು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ 'ಕಾರ್ನೆಲ್ ಡಾಟ್' ಅಂತ ಇದೆ. ಬಣ್ಣವನ್ನು ಸಿಲಿಕಾ ಗಾಜಿನೊಳಗೆ ಹೂತು, ಮೇಲೆ ಪಾಲಿ ಎಥಿಲೀನ್ ಗ್ಲೈಕಾಲ್ ಹೊದಿಸಿದ, ಸುಮಾರು 6-7 ನ್ಯಾನೊಮೀಟರಿನ ಕಣ. ಮನುಷ್ಯರ ಮೇಲಿನ ಮೊದಲ ಪ್ರಯೋಗಕ್ಕೆ 2011ರಲ್ಲಿ ಒಪ್ಪಿಗೆ ಸಿಕ್ಕಿ, 2014ರಲ್ಲಿ ಫಲಿತಾಂಶ ಬಂತು. ಎಷ್ಟು ಜನ ರೋಗಿಗಳು ಗೊತ್ತಾ? ಐದು. ಅಲ್ಲಿ ನೋಡಿದ್ದು ಎಷ್ಟು ಚೆಂದ ಹೊಳೆಯುತ್ತೆ ಅಂತಲ್ಲ. ಮೈಯೊಳಗೆ ಕಣ ಒಡೆಯದೆ ಉಳಿಯಿತಾ, ಎಲ್ಲಿಗೆ ಹೋಯ್ತು, ಎಷ್ಟು ಹೊತ್ತಿಗೆ ಮೂತ್ರದಲ್ಲಿ ಹೊರಬಂತು, ರೋಗಿಗೆ ಏನಾದರೂ ತೊಂದರೆ ಆಯ್ತಾ. ಐದು ಜನರ ಮೇಲಿನ ಈ ಪರೀಕ್ಷೆಗೆ ಬರೋಕೆ ಅವರಿಗೆ ವರ್ಷಗಟ್ಟಲೆ ಹಿಡಿಯಿತು. ನಮ್ಮ ಫಾರ್ವರ್ಡಿಗೆ ಒಂದು ಸೀಸೆ, ಒಂದು ಟಾರ್ಚ್ ಸಾಕು.

"ಅವರಿಗೆ ದುಡ್ಡಿದೆ, ಮಾಡ್ತಾರೆ" ಅಂತೀರಾ? ಬೆಂಗಳೂರಿಗೇ ಬನ್ನಿ. ನಮ್ಮ ಕಡೆಯವರು ವರ್ಷವರ್ಷ ಕೃಷಿ ಮೇಳಕ್ಕೆ ಅಂತ ಜಿಕೆವಿಕೆಗೆ ಬರ್ತಾರಲ್ಲ, ಅದೇ ಆವರಣದಲ್ಲಿ ಎನ್‌ಸಿಬಿಎಸ್ ಅಂತ ಸಂಸ್ಥೆ ಇದೆ. ಅಲ್ಲಿ ಯಮುನಾ ಕೃಷ್ಣನ್ ಅವರ ತಂಡ ಡಿಎನ್‌ಎ ಎಳೆಗಳನ್ನೇ ಹೆಣೆದು ಇಪ್ಪತ್ತು ಮುಖದ ಪಂಜರ ಮಾಡಿತು. (ಅವರು 2014ರಲ್ಲಿ ಶಿಕಾಗೋಗೆ ಹೋದರು.) 2016ರಲ್ಲಿ ಪ್ಯಾರಿಸ್ಸಿನ ಕ್ಯೂರಿ ಸಂಸ್ಥೆಯವರ ಜೊತೆ ಸೇರಿ, ಆ ಪಂಜರದೊಳಗೆ ಒಂದು ಕ್ವಾಂಟಮ್ ಡಾಟ್ ಕೂರಿಸಿ, ಹೊರಗಡೆ ಒಂದೇ ಒಂದು ಕೊಕ್ಕೆ ಇಟ್ಟು, ಅದು ಕೋಶದೊಳಗೆ ಹೋಗುವ ದಾರಿಯನ್ನು ಒಂದೊಂದು ಕಣದ ಲೆಕ್ಕದಲ್ಲಿ ಹಿಂಬಾಲಿಸಿದರು. ಒಂದೇ ಕೊಕ್ಕೆ ಯಾಕೆ? ನಾಲ್ಕೈದು ಕೊಕ್ಕೆ ಇದ್ದರೆ ಕೋಶದ ಮೇಲಿನ ನಾಲ್ಕೈದು ಬಾಗಿಲನ್ನು ಒಟ್ಟಿಗೆ ಹಿಡಿದು ಎಳೆಯುತ್ತೆ. ಆಗ ನೀವು ನೋಡೋದು ಕೋಶ ಸಹಜವಾಗಿ ಮಾಡುವ ಕೆಲಸವನ್ನಲ್ಲ, ನಿಮ್ಮ ಲೇಬಲ್ ಮಾಡಿದ ಗಲಾಟೆಯನ್ನ. ಈ ಮಟ್ಟದ ಎಚ್ಚರ ನಮ್ಮಲ್ಲೇ ಸಾಧ್ಯವಾಗಿದೆ. ಹೆಮ್ಮೆ ಪಡಬೇಕಾದರೆ ಇದಕ್ಕೆ ಪಡೋಣ. ಇದರ ಫಾರ್ವರ್ಡ್ ಮಾತ್ರ ನನ್ನ ಫೋನಿಗೆ ಇವತ್ತಿನವರೆಗೂ ಬಂದಿಲ್ಲ :(

ಇದನ್ನೆಲ್ಲ ಗೆಳೆಯರ ಹತ್ತಿರ ಹೇಳಿದಾಗ ಮೂರು ವಾದ ಬರ್ತವೆ. ಒಂದೊಂದಾಗಿ ನೋಡೋಣ.

ಮೊದಲನೇದು: "ತೆಂಗು ನೈಸರ್ಗಿಕ ಅಲ್ವಾ, ಅಪಾಯ ಇಲ್ಲ." ಸ್ವಾಮಿ, ಹೊಗೆಸೊಪ್ಪೂ ನೈಸರ್ಗಿಕವೇ. 180 ಡಿಗ್ರಿಯಲ್ಲಿ ಸುಟ್ಟ ಮೇಲೆ ಅದು ಎಳನೀರಲ್ಲ. ತೆಂಗಿನ ಚಿಪ್ಪಿನ ಇದ್ದಿಲು ನೈಸರ್ಗಿಕ ಅಂತ ಯಾರೂ ಬೆಳಗಿನ ತಿಂಡಿಗೆ ತಿನ್ನಲ್ಲ. ಕಾರ್ಬನ್ ಡಾಟಿನಲ್ಲಿ ಕ್ಯಾಡ್ಮಿಯಂ ಇಲ್ಲ, ಅದು ನಿಜಕ್ಕೂ ದೊಡ್ಡ ಅನುಕೂಲ, ಒಪ್ಪಿದೆ. ಆದರೆ "ಕ್ಯಾಡ್ಮಿಯಂ ಇಲ್ಲ" ಮತ್ತು "ಅಪಾಯ ಇಲ್ಲ" ಬೇರೆ ಬೇರೆ ಮಾತು. ಎರಡನೇದನ್ನು ಪರೀಕ್ಷೆ ಮಾಡಿಯೇ ಹೇಳಬೇಕು. ಇನ್ನೊಂದು ವಿಷಯ. ನಮ್ಮ ತೋಟದ ಎಳನೀರು ಬೇರೆ, ಚಿಕ್ಕನಾಯಕನಹಳ್ಳಿಯ ಮಾವನ ತೋಟದ್ದು ಬೇರೆ. ಬೇಸಿಗೆಯದು ಬೇರೆ, ಮಳೆಗಾಲದ್ದು ಬೇರೆ. ಕುಡಿಯೋಕೆ ಅದು ಸೊಗಸು. ಲೇಬಲ್ ಮಾಡೋಕೆ ಕುತ್ತು, ಯಾಕಂದರೆ ಪ್ರತಿ ಸಲವೂ ಬೇರೆ ಕಣ ಬರುತ್ತೆ.

ಎರಡನೇದು: "ಪಾಪ ಹುಡುಗರು, ಬಡ ಕಾಲೇಜುಗಳು, ಕಡಿಮೆ ಖರ್ಚಿನಲ್ಲಿ ಏನೋ ಕಲೀತಾರೆ ಬಿಡಿ." ಈ ವಾದಕ್ಕೆ ನನ್ನ ಗೌರವ ಇದೆ. ಹೌದು, ಎಳನೀರು, ಒಂದು ಡಬ್ಬಿ, ಒಂದು ಓವನ್ನಿನಲ್ಲಿ ನ್ಯಾನೊ ವಿಜ್ಞಾನಕ್ಕೆ ಕೈ ಹಾಕಬಹುದು ಅನ್ನೋದು ಸಣ್ಣ ಮಾತಲ್ಲ. ಮಾಡಲಿ, ಪ್ರತಿ ತಾಲ್ಲೂಕಿನ ಕಾಲೇಜಿನಲ್ಲೂ ಮಾಡಲಿ. ಆದರೆ ಖಾಲಿ ಕೋಶದ ಫೋಟೋ ತೆಗೆಯೋಕೆ ಎಷ್ಟು ಖರ್ಚು? ಸೀಸೆಯನ್ನು ಏಳು ದಿನ ಮೇಜಿನ ಮೇಲೆ ಇಡೋಕೆ ಎಷ್ಟು ಖರ್ಚು? ಚಿಟಿಕೆ ಉಪ್ಪಿಗೆ ಎಷ್ಟು? ಬಡತನದ ಹೆಸರಿನಲ್ಲಿ ನಾವು ಉಳಿಸ್ತಿರೋದು ದುಡ್ಡಲ್ಲ, ಮುಜುಗರ. "ಕೆಲಸ ಮಾಡಲಿಲ್ಲ" ಅಂತ ಬರೆಯುವ ಮುಜುಗರ. ಆ ಪುಟ ಹರಿಸಿ ಹಾಕಿದಾಗ ಹುಡುಗಿ ಕಲಿತದ್ದು ವಿಜ್ಞಾನ ಅಲ್ಲ, ಯಾವ ಫೋಟೋ ಯಾರಿಗೆ ತೋರಿಸಬೇಕು ಅನ್ನೋದನ್ನ.

ಮೂರನೇದು, ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸೋದು: "ರೈತರಿಗೆ ಲಾಭ ಆಗುತ್ತೆ." ಬನ್ನಿ, ಲೆಕ್ಕ ಹಾಕೋಣ. ಅಂದಾಜು ಲೆಕ್ಕವೇ ಸಾಕು. ಒಂದು ಎಳನೀರಿನಲ್ಲಿ ಸುಮಾರು 250 ಮಿಲಿಲೀಟರ್ ನೀರು. ಅದರಲ್ಲಿ ಸಕ್ಕರೆ ಮತ್ತಿತರ ಘನ ಪದಾರ್ಥ ನೂರಕ್ಕೆ ನಾಲ್ಕು ಅಂತ ಹಿಡಿದರೂ 10 ಗ್ರಾಂ. ಅದರಲ್ಲಿ ನೂರಕ್ಕೆ ಒಂದು ಭಾಗ ಮಾತ್ರ ಒಳ್ಳೆ ಕಣ ಆಯ್ತು ಅಂದುಕೊಳ್ಳಿ, 100 ಮಿಲಿಗ್ರಾಂ. ಒಂದು ತಟ್ಟೆ ಕೋಶಗಳಿಗೆ ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಲೆಕ್ಕದಲ್ಲಿ 2 ಮಿಲಿಲೀಟರ್ ಹಾಕಿದರೆ 0.2 ಮಿಲಿಗ್ರಾಂ. ಅಂದರೆ ಒಂದು ಎಳನೀರಿಗೆ 500 ತಟ್ಟೆ! ಒಂದು ಗೊನೆ ಇಳಿಸಿದರೆ ಸಾವಿರಾರು ತಟ್ಟೆಗಳಿಗೆ ಸಾಕಾಗಿ ಮಿಗುತ್ತೆ. ನಾಳೆ ಇದು ಎಲ್ಲಾ ಪರೀಕ್ಷೆ ಪಾಸಾಗಿ ದೇಶದ ಎಲ್ಲಾ ಆಸ್ಪತ್ರೆಗೂ ಹೋಯ್ತು ಅಂತಲೇ ಇಟ್ಟುಕೊಳ್ಳಿ, ತಿಪಟೂರು ಮಾರುಕಟ್ಟೆಯಲ್ಲಿ ಕ್ವಿಂಟಲಿಗೆ ನಾಲ್ಕಾಣೆ ಏರಲ್ಲ. ಲಾಭ ಆದರೆ ಅದು ಪೇಟೆಂಟ್ ಇಟ್ಟುಕೊಂಡವರಿಗೆ. ತೆಂಗಿನಿಂದ ಟನ್ನುಗಟ್ಟಲೆ ಕೇಳುವ ಕಸುಬುಗಳು ಬೇರೆ ಇವೆ: ನಾರು, ಚಿಪ್ಪಿನ ಇದ್ದಿಲು, ಅದರಿಂದ ಆಗುವ ಆಕ್ಟಿವೇಟೆಡ್ ಕಾರ್ಬನ್, ಎಣ್ಣೆ. ಬೆಳೆಗಾರನ ಬಗ್ಗೆ ಕಾಳಜಿ ಇದ್ದವರು ಅದರ ಬೆಲೆ ಬಗ್ಗೆ ಮಾತಾಡಲಿ. ಕ್ಯಾನ್ಸರ್ ಹೆಸರು ಹೇಳಿ ರೋಗಿಗೂ ಆಸೆ, ತೆಂಗಿನ ಹೆಸರು ಹೇಳಿ ರೈತನಿಗೂ ಆಸೆ. ಒಂದೇ ಸೀಸೆಯಲ್ಲಿ ಇಬ್ಬರಿಗೂ ಟೋಪಿ.

ಕಳೆದ ತಿಂಗಳು ಊರಿಗೆ ಹೋದಾಗ ಮಾವನ ಮನೆಗೆ ಹೋಗಿ ಇಷ್ಟನ್ನೂ ಹೇಳಿದೆ. ಅವತ್ತು ಫೋನಿನಲ್ಲಿ ಹ್ಞೂಂ ಅಂದದ್ದಕ್ಕೆ ತಪ್ಪಾಯ್ತು ಅಂತಲೂ ಹೇಳಿದೆ. ಅವರು ಕೊಬ್ಬರಿ ಸುಲಿಸ್ತಾ ಇದ್ದರು. ಗೊತ್ತಿಲ್ಲದವರಿಗೆ ಹೇಳ್ತೀನಿ, ನಮ್ಮ ಕಡೆ ಉಂಡೆ ಕೊಬ್ಬರಿ ಅಂದರೆ ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಬಿಡೋದು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಚಿಪ್ಪಿಗೆ ಕೂದಲೆಳೆಯಷ್ಟು ಬಿರುಕು ಬಿದ್ದಿದ್ದರೂ ಒಳಗೆ ಕೆಟ್ಟುಹೋಗುತ್ತೆ.

ಮಾವ ನಾನು ಹೇಳಿದ್ದೆಲ್ಲ ಕೇಳಿ ನಕ್ಕರು. "ಕಾಯಿ ಕೆಡವೋವಾಗ ಎಲ್ಲಾನೂ ಚೆಂದವೇ ಕಣಪ್ಪ. ವರ್ಷ ತುಂಬಿದ ಮ್ಯಾಕೆ ಅಟ್ಟದಿಂದ ಇಳಿಸಿದಾಗ್ಲೇ ಗೊತ್ತಾಗಾದು, ಯಾವ್ದು ಉಂಡೆ, ಯಾವ್ದು ಕೌಟು ಅಂತ. ಕೆಡವಿದ ದಿನವೇ ರೇಟು ಕಟ್ಟು ಅಂದ್ರೆ ಯಾವ ದಲ್ಲಾಳಿ ಕಟ್ತಾನೆ?"

ನನ್ನ ವಾದ ಇಷ್ಟೇ. ಕೊಬ್ಬರಿಗೆ ನಾವು ಕೇಳುವಷ್ಟನ್ನಾದರೂ ವಿಜ್ಞಾನದ ಸುದ್ದಿಗೂ ಕೇಳೋಣ. ಇನ್ನು ಮುಂದೆ ಇಂಥ ಹೊಳೆಯುವ ಸೀಸೆ ನಿಮ್ಮ ಗ್ರೂಪಿಗೆ ಬಂದರೆ, ಇಲ್ಲಾ ನಿಮ್ಮ ಬ್ಲಾಗಿನಲ್ಲಿ ಬರೆಯೋ ಮನಸ್ಸಾದರೆ, ಐದು ಪ್ರಶ್ನೆ ಕೇಳಿ. ಕಣ ಹಾಕದ ಕೋಶದ ಫೋಟೋ ಎಲ್ಲಿ? ಡಯಾಲಿಸಿಸ್ ಆದ ಮೇಲೂ ಹೊಳೆಯಿತಾ? ಉಪ್ಪು ಮತ್ತು ರಕ್ತದ ಸೀರಮ್ಮಿನಲ್ಲಿ ಇಟ್ಟು ನೋಡಿದಿರಾ? ಬೇರೆ ತೋಟದ, ಬೇರೆ ಕಾಲದ ಕಾಯಿಯಿಂದಲೂ ಅದೇ ಕಣ ಬಂತಾ? ಎಲ್ಲಾ ಫೋಟೋಗಳಿಗೂ ಒಂದೇ ಅಳತೆ ಹಾಕಿ, ಏಳನೇ ದಿನದ ಫೋಟೋವನ್ನು ಮೊದಲ ದಿನದ ಫೋಟೋ ಪಕ್ಕದಲ್ಲಿ ಇಟ್ಟು ತೋರಿಸ್ತೀರಾ?

ಐದಕ್ಕೂ ಉತ್ತರ ಇದ್ದರೆ ನಾನೇ ಮೊದಲು ಫಾರ್ವರ್ಡ್ ಮಾಡ್ತೀನಿ, ನಮ್ಮ ತೆಂಗು ನಮ್ಮ ಹೆಮ್ಮೆ ಅಂತ ಮೇಲೆ ಬರೆದೇ ಮಾಡ್ತೀನಿ.

ಮೊನ್ನೆ ಭಾನುವಾರದ ಗ್ರೂಪಿನಲ್ಲಿ ಕೊನೇ ಪ್ರಶ್ನೆಯೊಂದನ್ನೇ ಹಾಕಿದೆ. "ಏಳನೇ ದಿನದ ಫೋಟೋ ಎಲ್ಲಿ ಸ್ವಾಮಿ?" ಅಂತ. ಇಬ್ಬರು ಕೋಪಿಸಿಕೊಂಡರು. ಒಬ್ಬರು "ನಿಂಗೆ ಎಲ್ಲದರಲ್ಲೂ ಕೊಂಕು" ಅಂದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ತಂಗಿ ಅದೇ ಗ್ರೂಪಿಗೆ ತನ್ನ ಆ ಪುಟವನ್ನು ಹಾಕಿದಳು, ಒಂದು ಮಾತೂ ಸೇರಿಸದೆ. ಮೊದಲ ದಿನ, ಮೂರನೇ ದಿನ, ಏಳನೇ ದಿನ, ಖಾಲಿ ಕೋಶ. ನಾಲ್ಕು ಫೋಟೋ, ಒಂದೇ ಅಳತೆ.

ಇವತ್ತಿನವರೆಗೆ ಅದಕ್ಕೆ ಬಂದ ಕೈ ಮುಗಿಯುವ ಚಿತ್ರ ಒಂದೇ. ಮಾವನ ಮಗನದು.

ನೀವೇನಂತೀರಿ?